ಸಸಿಗಿಂತ ಮೊದಲು ಮಣ್ಣು ನೋಡೋಣ

ಮಳೆಗಾಲ ಬಂತೆಂದರೆ ಗುಡ್ಡದಲ್ಲಿ ಸಸಿ ನೆಡಲಿಕ್ಕೆ ನಾವೆಲ್ಲ ಹೊರಡ್ತೇವೆ. ಆ ಸಸಿ ಮುಂದಿನ ಬೇಸಿಗೆ ದಾಟುತ್ತದೋ ಇಲ್ಲವೋ ಅನ್ನೋದು ಬಹುಪಾಲು ಮಣ್ಣಿನ ಕೈಯಲ್ಲಿದೆ.

ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲೂಕಿನ ದುಂಡಸಿಯನ್ನೇ ತಗೊಳ್ಳೋಣ. ಇದು ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಸೀಮೆ. ಪಶ್ಚಿಮಕ್ಕೆ ಹೋದಂತೆ ಮಳೆ ಹೆಚ್ಚು, ಪೂರ್ವಕ್ಕೆ ಸವಣೂರಿನತ್ತ ಕಡಿಮೆ. ಮಲೆನಾಡಿನ ಸಸಿಪಟ್ಟಿಯನ್ನು ಇಲ್ಲಿ ಕಾಪಿ ಮಾಡಿದರೆ ನಡೆಯೋದಿಲ್ಲ. ಇಂಥ ಕಡೆ ಮೂರು ಪರೀಕ್ಷೆ ಸಾಕು.

1. ಆಳ: ಗುಡ್ಡದ ನೆತ್ತಿ, ಇಳಿಜಾರು, ಬುಡ ಮೂರೂ ಕಡೆ ಗುಂಡಿ ತೋಡಿ, ಗಟ್ಟಿ ಗರಸು ಅಥವಾ ಬಂಡೆ ಸಿಗುವವರೆಗೆ ಅಳೆಯಿರಿ. ಮಳೆನೀರು ಮಣ್ಣನ್ನು ಕೆಳಗೆ ತರುವುದರಿಂದ ಸಾಮಾನ್ಯವಾಗಿ ನೆತ್ತಿಯಲ್ಲಿ ತೆಳು, ಬುಡದಲ್ಲಿ ದಪ್ಪ.

2. ಕಣ: ಗಾಜಿನ ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಕುಲುಕಿ ಇಡಿ. ಮರಳು ಬೇಗ ತಳ ಸೇರುತ್ತದೆ. ಜೇಡಿಗೆ ದಿನಗಟ್ಟಲೆ ಬೇಕು. ಪದರಗಳ ದಪ್ಪ ಅಳೆದರೆ ಪ್ರಮಾಣ ಗೊತ್ತಾಗುತ್ತದೆ.

3. ಇಂಗುವಿಕೆ: ಗುಂಡಿಗೆ ನೀರು ತುಂಬಿಸಿ, ಬರಿದಾದ ಮೇಲೆ ಮತ್ತೆ ತುಂಬಿಸಿ, ಗಂಟೆಗೆ ಎಷ್ಟು ಇಳೀತು ಬರೆದುಕೊಳ್ಳಿ.

ಈಗ ಲೆಕ್ಕ. ಮಣ್ಣಿನ ಆಳ 30 ಸೆಂ.ಮೀ., ಬೇರಿಗೆ ಸಿಗುವ ನೀರು ಗಾತ್ರದ 10% ಎಂದುಕೊಳ್ಳೋಣ. ಒಂದು ಚದರ ಮೀಟರಿಗೆ 30 ಲೀಟರ್ ಆಯಿತು. ಅರ್ಧಭಾಗ ಕಲ್ಲೇ ಇದ್ದರೆ 15 ಲೀಟರ್ ಮಾತ್ರ. ಮಳೆ ನಿಂತ ಮೇಲೆ ಸಸಿಗೆ ಇಷ್ಟೇ ಬಂಡವಾಳ.

ಆದ್ದರಿಂದ ಆಳವಾದ, ನೀರು ನಿಲ್ಲದ ಮಣ್ಣಿಗೆ ಸಾಗುವಾನಿ; ತೆಳು ಗರಸಿಗೆ ಬೇವು, ಕಮರ. ಬರೀ ಬಂಡೆಯಿದ್ದಲ್ಲಿ ಹುಲ್ಲು, ಕುರುಚಲು ಇದ್ದಂತೆಯೇ ಇರಲಿ. ಇರೋ ಮಣ್ಣನ್ನು ಹಿಡಿದಿಟ್ಟಿರೋದೇ ಅವು.

ಎರಡು ಬೇಸಿಗೆ ಕಳೆದ ಮೇಲೆ ಯಾವ ಗುಂಡಿಯಲ್ಲಿ ಎಷ್ಟು ಸಸಿ ಉಳಿದವು ಅಂತ ಎಣಿಸಿ ಬರೆದಿಟ್ಟರೆ, ಜೂನಿಯರ್‌ಗಳಿಗೆ ಅದೇ ದೊಡ್ಡ ಪಾಠ.