ರಾತ್ರಿ ಹೊಲ ಕಾಯೋಕೆ ದುರ್ಬೀನು: ಜೂಮ್ ಬಿಡಿ, ಈ ಲೆಕ್ಕ ಹಿಡೀರಿ

ಗೋವಿನಜೋಳ ಹಾಲುಗಾಳಿಗೆ ಬಂತು ಅಂದ್ರೆ ದುಮ್ಮವಾಡ, ಕಲಘಟಗಿ ಕಡೆ ಕಾಡಂಚಿನ ರೈತರಿಗೆ ನಿದ್ದೆ ಇಲ್ಲ. ಕಾಡುಹಂದಿ ಹಿಂಡು ಒಮ್ಮೆ ನುಗ್ಗಿದರೆ ಬೆಳಗಾಗುವಷ್ಟರಲ್ಲಿ ಸಾಲಿಗೆ ಸಾಲು ನೆಲ ಕಚ್ಚಿರುತ್ತದೆ. ಇಂಥ ಹೊತ್ತಲ್ಲಿ ವಿದೇಶದ ಬೇಟೆ ವಿಡಿಯೋ ನೋಡಿ, "ಮಬ್ಬುಗತ್ತಲಲ್ಲಿ ಕಾಣುವ ರೈಫಲ್ ಸ್ಕೋಪ್ ಯಾವುದು ಚಲೋ?" ಅಂತ ಕೇಳುವ ಯುವಕರಿದ್ದಾರೆ.

ಮೊದಲು ಕಾನೂನು ತಿಳ್ಕೊಳ್ಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮಲ್ಲಿ ಬೇಟೆ ಅಪರಾಧ. ಕಾಡುಹಂದಿಯೂ ಅದರ ಪಟ್ಟಿಯಲ್ಲಿದೆ. ಬೆಳೆಗೆ ಅಪಾಯ ಅಂತ ಕೊಲ್ಲಬೇಕಾದರೂ ಅಧಿಕೃತ ಅಧಿಕಾರಿಯ ಲಿಖಿತ ಆದೇಶ ಬೇಕು. ಬೆಳೆ ರಕ್ಷಣೆಯ ಬಂದೂಕು ಲೈಸೆನ್ಸ್ ಇದ್ದರೂ ಅದು ಬೇಟೆಯ ಪರವಾನಗಿ ಅಲ್ಲ. ಸಿಡಿಮದ್ದು, ಉರುಳು, ಬೇಲಿಗೆ ನೇರ ಕರೆಂಟ್ ಇವಂತೂ ಬೇಡವೇ ಬೇಡ. ಆ ತಂತಿಗೆ ಮನುಷ್ಯರೂ ದನಗಳೂ ಸಾಯುತ್ತವೆ.

ನಮಗೆ ಬೇಕಿರುವುದು ಹಂದಿ ಹೊಲಕ್ಕೆ ಇಳಿಯುವ ಮೊದಲೇ ಅದನ್ನು ಗುರುತಿಸುವುದು. ಅದಕ್ಕೆ ಒಂದು ಒಳ್ಳೆ ದುರ್ಬೀನು ಸಾಕು.

ಒಂದೇ ಭಾಗಾಕಾರ

ದುರ್ಬೀನಿನ ಮೇಲೆ 8×42 ಅಂತ ಬರೆದಿರುತ್ತದೆ. ಮೊದಲಿನ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನೋದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಎರಡನೆಯದನ್ನು ಮೊದಲಿನದರಿಂದ ಭಾಗಿಸಿ. ಬಂದ ಉತ್ತರವೇ ನಿಮ್ಮ ಕಣ್ಣಿಗೆ ತಲುಪುವ ಬೆಳಕಿನ ಚುಕ್ಕೆಯ ಅಗಲ.

- 10×25: 2.5 ಮಿ.ಮೀ.
- 20×50: 2.5 ಮಿ.ಮೀ.
- 10×50: 5 ಮಿ.ಮೀ.
- 8×42: ಸುಮಾರು 5.2 ಮಿ.ಮೀ.
- 7×50: ಸುಮಾರು 7.1 ಮಿ.ಮೀ.

ಕತ್ತಲಲ್ಲಿ ಹರೆಯದವರ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ತನಕ ಅರಳುತ್ತದೆ, ವಯಸ್ಸಾದಂತೆ ಕಡಿಮೆ. ಚುಕ್ಕೆ 2.5 ಇದ್ದರೆ ಹಗಲಲ್ಲಿ ಚಲೋ ಕಂಡೀತು, ಸಂಜೆಗೆ ಬರೀ ಕಪ್ಪು. 20 ಪಟ್ಟು ಜೂಮ್ ಇದ್ದರೂ ಉಪಯೋಗ ಇಲ್ಲ, ಮೇಲಾಗಿ ಕೈ ನಡುಗಿದಷ್ಟೂ ಚಿತ್ರ ಕುಣಿಯುತ್ತದೆ. 7×50 ಬೆಳಕಿಗೆ ಉತ್ತಮ, ಆದರೆ ಭಾರ. ಅಟ್ಟದ ಮೇಲೆ ಕೂತು ಕಾಯೋರಿಗೆ ಅದು ಸರಿ. ಬದುವಿನ ಮೇಲೆ ಅಡ್ಡಾಡೋರಿಗೆ 8×42 ಸಾಕು.

ಕೊಳ್ಳುವಾಗ ನೋಡಿ

- "ಫುಲ್ಲಿ ಮಲ್ಟಿ-ಕೋಟೆಡ್" ಅಂತ ಇರಲಿ. ಲೇಪನ ಇಲ್ಲದ ಗಾಜಿನ ಒಂದೊಂದು ಮೈಯಲ್ಲೂ ಸುಮಾರು 4% ಬೆಳಕು ಹಿಂದಕ್ಕೆ ಹೋಗುತ್ತದೆ. ಒಳಗೆ ಇಂಥ ಮೈಗಳು ಹತ್ತಾರು.
- ದುರ್ಬೀನನ್ನು ಕಣ್ಣಿನಿಂದ ಒಂದು ಮೊಳ ದೂರ ಹಿಡಿದು ಬೆಳಕಿನ ಆಕಾಶದ ಕಡೆ ತಿರುಗಿಸಿ. ಚುಕ್ಕೆ ದುಂಡಗಿದ್ದರೆ ಒಳ್ಳೇದು, ಅಂಚು ಚೌಕಾಗಿ ಕತ್ತರಿಸಿದಂತಿದ್ದರೆ ಒಳಗಿನ ಪ್ರಿಸಂ ಸಾಧಾರಣ. ಸೂರ್ಯನ ಕಡೆ ಮಾತ್ರ ಹಿಡಿಯಬೇಡಿ.
- "100×180" ಅಂತ ಜಾಹೀರಾತು ಕಂಡರೆ ಸ್ಕೇಲ್ ಹಿಡಿದು ಗಾಜು ಅಳೀರಿ. 180 ಮಿ.ಮೀ. ಅಂದ್ರೆ ಊಟದ ತಾಟಿನಷ್ಟು! ಕೈಯಲ್ಲಿ ಹಿಡಿಯುವ ದುರ್ಬೀನಿಗೆ ಅದು ಆಗದ ಮಾತು.
- ಮಳೆಗಾಲಕ್ಕೆ ನೀರು ಒಳಹೋಗದಂಥದ್ದು ಬೇಕು.

ಕಗ್ಗತ್ತಲಲ್ಲಿ?

ದುರ್ಬೀನು ಬೆಳಕನ್ನು ಹುಟ್ಟಿಸೋದಿಲ್ಲ. ಮುಸ್ಸಂಜೆ, ಬೆಳದಿಂಗಳು, ನಸುಕು ಇವೇ ಅದರ ಹೊತ್ತು. ಅಮಾವಾಸ್ಯೆ ರಾತ್ರಿಗೆ ದೇಹದ ಬಿಸಿ ತೋರಿಸುವ ಥರ್ಮಲ್ ಉಪಕರಣ ಇದೆ, ಆದರೆ ಬಲು ದುಬಾರಿ. ದಟ್ಟ ಬೆಳೆಯ ಹಿಂದಿರುವ ಹಂದಿಯನ್ನು ಅದೂ ಸರಿಯಾಗಿ ತೋರಿಸದು. ಕಡಿಮೆ ಬೆಲೆಯ ನೈಟ್ ವಿಷನ್‌ನಲ್ಲಿ ಇನ್ಫ್ರಾರೆಡ್ ದೀಪ ಇರುತ್ತದೆ. ಅದರ ಬೆಳಕು ಹತ್ತಿರದ ಎಲೆಗೇ ಬಡಿದು ಪರದೆ ಬೆಳ್ಳಗಾಗುತ್ತದೆ. ಹಾಗಾಗಿ ಬೆಳೆಯೊಳಗೆ ನೋಡೋದು ಬಿಟ್ಟು, ಹಂದಿ ದಾಟಿ ಬರುವ ಬಯಲು ಮತ್ತು ಹಳ್ಳದ ದಂಡೆ ನೋಡಿ.

ಇನ್ನೊಂದು ಮಾತು: ಕಣ್ಣು ಕತ್ತಲಿಗೆ ಹೊಂದಿಕೊಳ್ಳೋಕೆ 20–30 ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲ್ ನೋಡಿದರೆ ಮತ್ತೆ ಮೊದಲಿಂದ! ಬ್ಯಾಟರಿ ಬೇಕಾದರೆ ಗಾಜಿಗೆ ಕೆಂಪು ಕಾಗದ ಕಟ್ಟಿ ಬಳಸಿ.

ಹಂದಿ ಕಂಡರೆ ಒಬ್ಬರೇ ಇಳಿಯಬೇಡಿ. ದೂರದಿಂದಲೇ ಇಬ್ಬರು ಮೂವರು ಸೇರಿ ಬೆಳಕು ಬಿಡಿ, ಡಬ್ಬಿ ಬಾರಿಸಿ. ಕಂಡದ್ದು ಆನೆಯಾದರೆ ಹತ್ತಿರ ಸುಳಿಯದೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ಬೆಳೆ ಹಾಳಾಗಿದ್ದರೆ ಬೆಳಿಗ್ಗೆಯೇ ಹೆಜ್ಜೆ ಗುರುತು, ಬಿದ್ದ ಬೆಳೆಯ ಫೋಟೋ ತೆಗೆದಿಡಿ. ಪರಿಹಾರದ ಅರ್ಜಿಗೆ ಅವು ಬೇಕಾಗುತ್ತವೆ.