ಮ್ಯೂಲ್ ಜಿಂಕೆಯ ಟ್ಯಾಗು: ಹೊರರಾಜ್ಯದ ಅರ್ಜಿದಾರನ ಸರದಿಯ ಲೆಕ್ಕ

ಬೇಡಿಕೆಗಿಂತ ಪೂರೈಕೆ ಕಡಿಮೆಯಾದಾಗ ಮಾರುಕಟ್ಟೆಯು ಬೆಲೆಯನ್ನು ಏರಿಸುತ್ತದೆ. ಸರ್ಕಾರವೇ ಹಂಚಬೇಕಾದ ವಸ್ತುವಾದರೆ ಕೋಟಾ, ಸರದಿ ಅಥವಾ ಲಾಟರಿಯ ಮಾರ್ಗವನ್ನು ಅನುಸರಿಸಬೇಕಾಗುತ್ತದೆ. 2004ರ ಅಂತ್ಯದವರೆಗೆ ಜಾರಿಯಲ್ಲಿದ್ದ ಜವಳಿ ರಫ್ತು ಕೋಟಾವನ್ನು ಕಂಡಿರುವ ಸಿದ್ಧ ಉಡುಪು ತಯಾರಕರಿಗೆ, ಹಿಂದಿನ ಸಾಧನೆಗೆ ಇಷ್ಟು, ಹೊಸಬರಿಗೆ ಇಷ್ಟು ಎಂಬ ವಿಂಗಡಣೆ ಅಪರಿಚಿತವಲ್ಲ. ಇಂಥ ಹಂಚಿಕೆಯ ಅತಿ ಸೂಕ್ಷ್ಮ ನಿಯಮಗಳು ಇಂದು ಕಾಣಸಿಗುವುದು ಅಮೆರಿಕದ ಪಶ್ಚಿಮ ರಾಜ್ಯಗಳ ಜಿಂಕೆ ಬೇಟೆಯ ಪರವಾನಗಿಯಲ್ಲಿ ಎಂದರೆ ಓದುಗರಿಗೆ ಸೋಜಿಗವೆನಿಸಬಹುದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ (ಸಂರಕ್ಷಣಾ) ಅಧಿನಿಯಮವು ಜಿಂಕೆಯ ಬೇಟೆಯನ್ನು ನಿಷೇಧಿಸಿರುವುದರಿಂದ, ಇಲ್ಲಿ ಅಧ್ಯಯನದ ವಸ್ತು ಬೇಟೆಯಲ್ಲ, ಹಂಚಿಕೆಯ ಲೆಕ್ಕ.

ಹೇಸರಗತ್ತೆಯಂತೆ ದೊಡ್ಡ ಕಿವಿಗಳಿರುವ ಕಾರಣ ಮ್ಯೂಲ್ ಡೀರ್ ಎಂಬ ಹೆಸರು ಪಡೆದ ಈ ಜಿಂಕೆಯು ಕೊಲರಾಡೊ, ವಯೋಮಿಂಗ್, ಯೂಟಾ, ನೆವಾಡಾ, ಅರಿಜೋನಾ ಮೊದಲಾದ ರಾಜ್ಯಗಳಲ್ಲಿದೆ. ವನ್ಯಪ್ರಾಣಿಗಳ ನಿರ್ವಹಣೆ ಅಲ್ಲಿ ಮುಖ್ಯವಾಗಿ ಆಯಾ ರಾಜ್ಯದ ಹೊಣೆ. ಪ್ರತಿ ಬೇಟೆ ವಲಯದಲ್ಲಿ, ಪ್ರತಿ ಋತುವಿನಲ್ಲಿ ಎಷ್ಟು ಜಿಂಕೆಗಳನ್ನು ಬೇಟೆಯಾಡಬಹುದೆಂದು ಇಲಾಖೆ ನಿರ್ಧರಿಸಿ, ಅದಕ್ಕೆ ಅನುಗುಣವಾದ ಸಂಖ್ಯೆಯ ಅನುಮತಿಪತ್ರಗಳನ್ನು ನೀಡುತ್ತದೆ. ಇದಕ್ಕೆ ಟ್ಯಾಗು ಎಂದು ಹೆಸರು. ಒಂದು ಟ್ಯಾಗಿಗೆ ಒಂದೇ ಪ್ರಾಣಿ. ಕೊಲರಾಡೊ ರಾಜ್ಯವು 1999ರಿಂದ ಜಿಂಕೆಯ ಎಲ್ಲ ಟ್ಯಾಗುಗಳನ್ನೂ ಮಿತ ಸಂಖ್ಯೆಗೆ ಒಳಪಡಿಸಿದೆ.

ಟ್ಯಾಗುಗಳಲ್ಲಿ ಹೆಚ್ಚಿನ ಪಾಲು ರಾಜ್ಯದ ನಿವಾಸಿಗಳಿಗೆ ಮೀಸಲು. ಹೊರರಾಜ್ಯದವರಿಗೆ ಪಾಲೂ ಕಡಿಮೆ, ಶುಲ್ಕವೂ ಅನೇಕ ಪಟ್ಟು. ಇದು ತಾರತಮ್ಯವಲ್ಲವೇ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತ್ತು. 1948ರಲ್ಲಿ ದಕ್ಷಿಣ ಕೆರೊಲಿನಾ ರಾಜ್ಯವು ಸೀಗಡಿ ಹಿಡಿಯುವ ದೋಣಿಗೆ ಸ್ಥಳೀಯರಿಂದ 25 ಡಾಲರ್, ಹೊರಗಿನವರಿಂದ 2,500 ಡಾಲರ್ ವಿಧಿಸಿದ್ದನ್ನು ಅಮೆರಿಕದ ಸುಪ್ರೀಂ ಕೋರ್ಟು ರದ್ದುಗೊಳಿಸಿತು. ಆದರೆ 1978ರಲ್ಲಿ, ಮೊಂಟಾನಾ ರಾಜ್ಯವು ಬೇಟೆಯ ಸಂಯುಕ್ತ ಪರವಾನಗಿಗೆ ನಿವಾಸಿಗಳಿಂದ 30 ಡಾಲರ್, ಹೊರಗಿನವರಿಂದ 225 ಡಾಲರ್ ಪಡೆದದ್ದನ್ನು ಅದೇ ನ್ಯಾಯಾಲಯ ಎತ್ತಿಹಿಡಿಯಿತು. ಸೀಗಡಿ ಜೀವನೋಪಾಯ, ಬೇಟೆ ವಿಹಾರ ಎಂಬುದು ಎರಡು ತೀರ್ಪುಗಳ ನಡುವಿನ ಅಂತರ. ವ್ಯಾಪಾರಿಗಳು ಈ ಅಂತರವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಏಕೆಂದರೆ 2002ರಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ಅರಿಜೋನಾದ ಶೇಕಡಾ 10ರ ಮಿತಿಯನ್ನು ಅಂತರರಾಜ್ಯ ವಾಣಿಜ್ಯಕ್ಕೆ ಸಂಬಂಧಿಸಿದ್ದೆಂದು ಪರಿಗಣಿಸಿ ಪ್ರಶ್ನಿಸಿತು. ಕೊಲರಾಡೊ ನದಿಯ ಉತ್ತರದ ಕೊಂಬಿನ ಜಿಂಕೆಗಳೂ ಆ ಮಿತಿಯಲ್ಲಿದ್ದವು. 2005ರಲ್ಲಿ ಅಮೆರಿಕದ ಸಂಸತ್ತು ಕಾಯಿದೆ ಮಾಡಿ, ನಿವಾಸಿ ಮತ್ತು ಹೊರಗಿನವರ ನಡುವೆ ಭೇದವೆಣಿಸುವ ಅಧಿಕಾರ ರಾಜ್ಯಗಳಿಗೆ ಇದೆಯೆಂದು ಸ್ಪಷ್ಟಪಡಿಸಿತು.

ಇನ್ನು ಅರ್ಜಿಯ ಕ್ರಮ. ಅರ್ಜಿದಾರನು ರಾಜ್ಯ, ವಲಯ, ಋತು ಮತ್ತು ಆಯುಧ ಇವುಗಳನ್ನು ಆಯ್ದು, ಆದ್ಯತೆಯ ಕ್ರಮದಲ್ಲಿ ನಮೂದಿಸಿ, ನಿಗದಿತ ದಿನಾಂಕದೊಳಗೆ ಅರ್ಜಿ ಸಲ್ಲಿಸಬೇಕು. ನಂತರ ಗಣಕಯಂತ್ರದ ಮೂಲಕ ಡ್ರಾ ನಡೆಯುತ್ತದೆ. ಸಿಗದವನಿಗೆ ಬಹುತೇಕ ರಾಜ್ಯಗಳಲ್ಲಿ ಒಂದು ಅಂಕ ಜಮೆಯಾಗುತ್ತದೆ. ನ್ಯೂ ಮೆಕ್ಸಿಕೊದಲ್ಲಿ ಅಂಕಗಳೇ ಇಲ್ಲ. ಪ್ರತಿ ವರ್ಷವೂ ಹೊಸ ಲಾಟರಿ.

ಅಂಕಗಳಲ್ಲಿ ಎರಡು ಬಗೆಗಳಿವೆ. ಇವನ್ನು ಒಂದೇ ಎಂದು ಭಾವಿಸಿದವನ ಲೆಕ್ಕ ಆರಂಭದಲ್ಲಿಯೇ ತಪ್ಪುತ್ತದೆ.

ಮೊದಲನೆಯದು ಆದ್ಯತಾ ಅಂಕ. ಇದು ಶುದ್ಧ ಸರದಿ: ಹೆಚ್ಚು ಅಂಕವಿದ್ದವರಿಗೆ ಮೊದಲು. ಕೊಲರಾಡೊದಲ್ಲಿ ಬೆಳೆದು ಬಂದದ್ದು ಈ ಪದ್ಧತಿ. ವಯೋಮಿಂಗ್‌ನಲ್ಲಿ ಹೊರರಾಜ್ಯದವರ ಪಾಲಿನ ಶೇಕಡಾ 75 ಹೀಗೆ ಹೋಗಿ, ಶೇಕಡಾ 25 ಅಂಕವನ್ನು ನೋಡದೆ ಲಾಟರಿಗೆ ಬಿಡಲಾಗುತ್ತದೆ. ಎರಡನೆಯದು ಬೋನಸ್ ಅಂಕ. ಇದರಲ್ಲಿ ಅಂಕ ಹೆಚ್ಚಿದಂತೆ ಡಬ್ಬಿಯಲ್ಲಿ ಅರ್ಜಿದಾರನ ಹೆಸರಿನ ಚೀಟಿಗಳು ಹೆಚ್ಚುತ್ತವೆ, ಅಷ್ಟೆ. ನೆವಾಡಾದಲ್ಲಿ ಅಂಕದ ವರ್ಗಕ್ಕೆ ಒಂದನ್ನು ಕೂಡಿಸುತ್ತಾರೆ. 10 ಅಂಕದವನಿಗೆ 101 ಚೀಟಿ, 3 ಅಂಕದವನಿಗೆ 10, ಹೊಸಬನಿಗೆ 1. ಹತ್ತು ವರ್ಷ ಕಾದವನ ಎದುರು 3 ಅಂಕದ ಹತ್ತು ಮಂದಿ ನಿಂತರೆ ಅವರ ಒಟ್ಟು ಚೀಟಿ 100. ಇರುವುದು ಒಂದೇ ಟ್ಯಾಗಾದರೆ ಅದು ಕಾದವನಿಗೇ ಸಿಗುವ ಸಂಭವ ಅರ್ಧಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಮಾತ್ರ. ಯೂಟಾ ಮಧ್ಯಮ ಮಾರ್ಗ ಹಿಡಿದು, ಮಿತ ಪ್ರವೇಶದ ವಲಯಗಳಲ್ಲಿ ಅರ್ಧ ಟ್ಯಾಗುಗಳನ್ನು ಅತಿ ಹೆಚ್ಚು ಅಂಕದವರಿಗೂ ಉಳಿದರ್ಧವನ್ನು ಡ್ರಾಗೂ ಇಟ್ಟಿದೆ.

ಸರದಿಯ ಪದ್ಧತಿ ಮೇಲ್ನೋಟಕ್ಕೆ ನ್ಯಾಯವಾಗಿ ಕಂಡರೂ ಅದರೊಳಗೊಂದು ತೊಡಕಿದೆ. ನಮ್ಮ ವರ್ತಕರಿಗೆ ತಿಳಿದಿರುವ ಲಾಟರಿ ಚೀಟಿಯಲ್ಲಿ 20 ಸದಸ್ಯರಿದ್ದರೆ ಕಂತುಗಳೂ 20. ಇಂದಲ್ಲ ನಾಳೆ ಪ್ರತಿಯೊಬ್ಬನಿಗೂ ಹಣ ಬರುತ್ತದೆ. ಜಿಂಕೆಯ ಸರದಿಯಲ್ಲಿ ಅಂಥ ಸಮತೋಲವಿಲ್ಲ. ಒಂದು ವಲಯದಲ್ಲಿ ಹೊರಗಿನವರಿಗೆ ವರ್ಷಕ್ಕೆ 10 ಟ್ಯಾಗು, 15 ಅಂಕದವರು 200 ಮಂದಿ, 14 ಅಂಕದವರು 250 ಮಂದಿ ಎಂದು ಕಲ್ಪಿಸಿಕೊಳ್ಳೋಣ. 14 ಅಂಕದವನು ತಾನು ಒಂದೇ ವರ್ಷ ಹಿಂದಿದ್ದೇನೆಂದು ನಂಬುತ್ತಾನೆ. ಮುಂದಿನ ವರ್ಷ ಅವನಿಗೆ 15 ಆದಾಗ ಮುಂದಿನವರಿಗೆ 16 ಆಗಿರುತ್ತದೆ. ಆ 200 ಮಂದಿ ತೀರಲು 20 ವರ್ಷ ಬೇಕು. ಅನಂತರ ಅವನ ಸಾಲು ತೀರಲು ಇನ್ನೂ 25 ವರ್ಷ. ಒಂದು ಅಂಕದ ಅಂತರವೆಂದರೆ ಒಂದು ವರ್ಷದ ಅಂತರವಲ್ಲ. ಐವತ್ತರ ವಯಸ್ಸಿನಲ್ಲಿ ಸಾಲಿನ ಕೊನೆಗೆ ನಿಂತವನ ಸರದಿ ಅವನ ಆಯುಷ್ಯವನ್ನೇ ಮೀರಬಹುದು.

ಖರ್ಚಿನ ಭಾಗವೂ ಮುಖ್ಯ. ಟೆಂಡರಿನಲ್ಲಿ ಸೋತವನಿಗೆ ಇ.ಎಂ.ಡಿ. ಮರಳುತ್ತದೆ, ಫಾರಂ ಶುಲ್ಕ ಮರಳುವುದಿಲ್ಲ. ಇಲ್ಲಿಯೂ ಹಾಗೆಯೇ: ಟ್ಯಾಗಿನ ಬೆಲೆಯು ಟ್ಯಾಗು ಸಿಕ್ಕವನ ಮೇಲೆ ಮಾತ್ರ ಬೀಳುತ್ತದೆ, ಅರ್ಜಿ ಶುಲ್ಕ ಹೋದಂತೆಯೇ. ಅದಲ್ಲದೆ ನೆವಾಡಾದಲ್ಲಿ ಅಂಕ ಬೇಕೆಂದರೆ ಬೇಟೆ ಪರವಾನಗಿಯನ್ನು ಕೊಳ್ಳಲೇಬೇಕು. ಅರಿಜೋನಾದಲ್ಲಿ ಪರವಾನಗಿಯಿಲ್ಲದೆ ಅರ್ಜಿಯೇ ಇಲ್ಲ. ಹೀಗೆ ವರ್ಷಕ್ಕೆ 150 ಡಾಲರ್ ಎಂದು ಹಿಡಿದರೂ 20 ವರ್ಷಕ್ಕೆ 3,000 ಡಾಲರ್. ಶೇಕಡಾ 6ರ ಚಕ್ರಬಡ್ಡಿ ಸೇರಿಸಿದರೆ ಸುಮಾರು 5,518 ಡಾಲರ್. ಪ್ರಯಾಣ, ಮಾರ್ಗದರ್ಶಕನ ವೆಚ್ಚ ಇದರಲ್ಲಿ ಸೇರಿಲ್ಲ.

ಇಷ್ಟು ವ್ಯಯಿಸಿ ಗಳಿಸಿದ ಅಂಕವನ್ನು ಆಸ್ತಿಯೆಂದು ಪರಿಗಣಿಸಬಹುದೇ? ಅದನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ. ನಿಗದಿತ ಅವಧಿ ಅರ್ಜಿ ಹಾಕದಿದ್ದರೆ ಕೆಲವು ರಾಜ್ಯಗಳಲ್ಲಿ ರದ್ದಾಗುತ್ತದೆ. ನಿಯಮವನ್ನು ಬದಲಿಸುವ ಅಧಿಕಾರವೂ ಇಲಾಖೆಯ ಕೈಯಲ್ಲಿದೆ. ಲೆಕ್ಕಪತ್ರದ ದೃಷ್ಟಿಯಿಂದ ಇದು ಅದೇ ವರ್ಷ ಬರೆದು ಹಾಕಬೇಕಾದ ವೆಚ್ಚ. ಆದರೂ ಇಷ್ಟು ವರ್ಷ ಕಟ್ಟಿದ್ದೇನೆ, ಈಗ ಬಿಡುವುದು ಹೇಗೆ ಎಂದು ಜನರು ಮುಂದುವರಿಯುತ್ತಾರೆ. ನಷ್ಟದ ಘಟಕವನ್ನು ಮುಚ್ಚಲಾರದ ಮಾಲೀಕನ ಮನಸ್ಥಿತಿ ಇದಕ್ಕಿಂತ ಭಿನ್ನವಲ್ಲ.

ಇಲಾಖೆಗೆ ಮಾತ್ರ ಇದು ಲಾಭದ ವ್ಯವಹಾರ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯ ಪ್ರಕಾರ ಬಂದೂಕು ಮತ್ತು ಮದ್ದುಗುಂಡುಗಳ ಮೇಲಿನ ಅಬಕಾರಿ ಸುಂಕದಿಂದ ರಾಜ್ಯಗಳಿಗೆ ಹಂಚುವ ವನ್ಯಜೀವಿ ನಿಧಿಯಲ್ಲಿ ಅರ್ಧವು ರಾಜ್ಯದ ವಿಸ್ತೀರ್ಣವನ್ನೂ ಇನ್ನರ್ಧವು ಪರವಾನಗಿದಾರರ ಸಂಖ್ಯೆಯನ್ನೂ ಅವಲಂಬಿಸಿದೆ. ರಾಜ್ಯಕ್ಕೆ ಕಾಲಿಡದ ಅರ್ಜಿದಾರನ ಪರವಾನಗಿಯೂ ಈ ಎಣಿಕೆಗೆ ಸೇರುತ್ತದೆ.

ಅನುಭವಿ ಅರ್ಜಿದಾರರು ಅರ್ಜಿಗೆ ಮೊದಲು ಹಿಂದಿನ ವರ್ಷಗಳ ಡ್ರಾ ಅಂಕಿಅಂಶಗಳನ್ನು ತೆಗೆದು ನೋಡುತ್ತಾರೆ. ಇಲಾಖೆಗಳೇ ಅವನ್ನು ವಲಯವಾರು ಪ್ರಕಟಿಸುತ್ತವೆ. ಅರಿಜೋನಾದ ಕೈಬಾಬ್ ಪ್ರಸ್ಥಭೂಮಿ, ಯೂಟಾದ ಹೆನ್ರಿ ಪರ್ವತಗಳಂಥ ಹೆಸರಾಂತ ವಲಯಗಳನ್ನು ಬಿಟ್ಟು ಎರಡು ಮೂರು ಅಂಕಕ್ಕೆ ಸಿಗುವ ವಲಯವನ್ನು ಆರಿಸುವುದು ಒಂದು ಕ್ರಮ. ಗುಂಪಾಗಿ ಅರ್ಜಿ ಹಾಕುವಾಗ ವಯೋಮಿಂಗ್‌ನಲ್ಲಿ ಅಂಕಗಳ ಸರಾಸರಿಯನ್ನೂ ಕೊಲರಾಡೊದಲ್ಲಿ ಗುಂಪಿನ ಅತಿ ಕಡಿಮೆ ಅಂಕವನ್ನೂ ಹಿಡಿಯುತ್ತಾರೆ. 12 ಅಂಕದ ತಂದೆ ಅಂಕವಿಲ್ಲದ ಮಗನೊಡನೆ ಸೇರಿದರೆ ಮೊದಲ ರಾಜ್ಯದಲ್ಲಿ ಇಬ್ಬರಿಗೂ 6, ಎರಡನೆಯದರಲ್ಲಿ ಇಬ್ಬರಿಗೂ ಸೊನ್ನೆ. ಡ್ರಾ ಮುಗಿದ ಮೇಲೆ ಉಳಿದ ಮತ್ತು ಹಿಂತಿರುಗಿಸಲಾದ ಟ್ಯಾಗುಗಳು ಮತ್ತೆ ಮಾರಾಟಕ್ಕೆ ಬರುತ್ತವೆ. ಅವು ಸಾಮಾನ್ಯವಾಗಿ ಹೆಸರಿಲ್ಲದ ವಲಯಗಳವು.