ಒಂದೇ ಬಣ್ಣ, ಹಲವು ಕಾನೂನು: ತಂಪು ಪಾನೀಯ ರಫ್ತುದಾರರು ಗಮನಿಸಬೇಕಾದ ಅಂಶಗಳು

ತಂಪು ಪಾನೀಯದ ಮಾರಾಟದಲ್ಲಿ ರುಚಿಗಿರುವಷ್ಟೇ ಪಾತ್ರ ಬಣ್ಣಕ್ಕೂ ಇದೆ. ಆದರೆ ಆ ಬಣ್ಣವನ್ನು ಯಾವ ವಸ್ತುವಿನಿಂದ, ಎಷ್ಟು ಪ್ರಮಾಣದಲ್ಲಿ ಪಡೆಯಬಹುದು ಎಂಬುದನ್ನು ಆಯಾ ದೇಶದ ಕಾನೂನು ನಿರ್ಧರಿಸುತ್ತದೆ. ಸ್ವದೇಶದಲ್ಲಿ ನಿಯಮಬದ್ಧವಾದ ಸರಕು ಪರದೇಶದ ಬಂದರಿನಲ್ಲಿ ತಿರಸ್ಕೃತವಾಗಬಹುದು. ಆದುದರಿಂದ ರಫ್ತಿಗೆ ತೊಡಗುವ ಸಣ್ಣ ತಯಾರಕರು ಬೆಲೆ ಒಪ್ಪಿಕೊಳ್ಳುವ ಮೊದಲೇ ಈ ವ್ಯತ್ಯಾಸಗಳನ್ನು ಅರಿತಿರುವುದು ಅವಶ್ಯಕ.

ಭಾರತ

2011ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ನಿಯಮಾವಳಿಯು ಎಂಟು ಕೃತಕ ಬಣ್ಣಗಳನ್ನು ಹೆಸರಿಸಿದೆ. ಕೆಂಪಿಗೆ ಪಾನ್ಸೋ 4ಆರ್, ಕಾರ್ಮೊಯಿಸಿನ್ ಮತ್ತು ಎರಿತ್ರೋಸಿನ್. ಹಳದಿಗೆ ಟಾರ್ಟ್ರಜಿನ್ ಮತ್ತು ಸನ್‌ಸೆಟ್ ಯೆಲ್ಲೋ. ನೀಲಿಗೆ ಇಂಡಿಗೋ ಕಾರ್ಮೈನ್ ಮತ್ತು ಬ್ರಿಲಿಯಂಟ್ ಬ್ಲೂ. ಹಸಿರಿಗೆ ಫಾಸ್ಟ್ ಗ್ರೀನ್. ತಂಪು ಪಾನೀಯದಲ್ಲಿ ಇವುಗಳ ಮಿತಿ 100 ಪಿಪಿಎಂ, ಅಂದರೆ ಲೀಟರಿಗೆ ಸುಮಾರು 100 ಮಿಲಿಗ್ರಾಂ.

ಅಮೆರಿಕ

ಇಲ್ಲಿ ಪಾನ್ಸೋ 4ಆರ್ ಮತ್ತು ಕಾರ್ಮೊಯಿಸಿನ್‌ಗೆ ಅನುಮತಿಯಿಲ್ಲ. ಅಲ್ಲಿ ಬಳಕೆಯಲ್ಲಿರುವ ಅಲ್ಯೂರಾ ರೆಡ್ ನಮ್ಮ ಎಂಟರ ಪಟ್ಟಿಯಲ್ಲಿಲ್ಲ. ಎರಿತ್ರೋಸಿನ್‌ಗೆ ನೀಡಿದ್ದ ಅನುಮತಿಯನ್ನು 2025ರ ಜನವರಿಯಲ್ಲಿ ರದ್ದುಗೊಳಿಸಿ, ಆಹಾರ ತಯಾರಕರಿಗೆ 2027ರ ಜನವರಿ 15ರವರೆಗೆ ಕಾಲಾವಕಾಶ ನೀಡಲಾಯಿತು. ಕೃತಕ ಬಣ್ಣದ ಪ್ರತಿಯೊಂದು ಬ್ಯಾಚ್ ಅಲ್ಲಿನ ಆಹಾರ ಮತ್ತು ಔಷಧ ಆಡಳಿತದಿಂದ ಪ್ರಮಾಣಿತವಾಗಿರಬೇಕು. ಲೇಬಲ್‌ನಲ್ಲಿ ಪ್ರತಿ ಬಣ್ಣವನ್ನೂ ಹೆಸರಿಸಬೇಕು. ‘ಅನುಮತಿಸಿದ ಕೃತಕ ಬಣ್ಣವಿದೆ’ ಎಂಬ ನಮ್ಮ ಘೋಷಣೆ ಅಲ್ಲಿ ಸಾಲದು.

ಐರೋಪ್ಯ ಒಕ್ಕೂಟ

ಇಲ್ಲಿ ಎರಿತ್ರೋಸಿನ್ ಚೆರ್ರಿ ಹಣ್ಣಿನ ಕೆಲವು ಉತ್ಪನ್ನಗಳಿಗಷ್ಟೇ ಸೀಮಿತ; ಫಾಸ್ಟ್ ಗ್ರೀನ್‌ಗೆ ಅನುಮತಿಯೇ ಇಲ್ಲ. 2012ರ ತಿದ್ದುಪಡಿಯು ಸುವಾಸಿತ ಪಾನೀಯಗಳಲ್ಲಿ ಸನ್‌ಸೆಟ್ ಯೆಲ್ಲೋ ಮಿತಿಯನ್ನು ಲೀಟರಿಗೆ 20 ಮಿಲಿಗ್ರಾಂಗೆ ಇಳಿಸಿತು. ಉದಾಹರಣೆಗೆ, ಲೀಟರಿಗೆ 70 ಮಿಲಿಗ್ರಾಂ ಇರುವ ಕಿತ್ತಳೆ ಪಾನೀಯ ಭಾರತದಲ್ಲಿ ಮಿತಿಯೊಳಗಿದ್ದರೂ ಅಲ್ಲಿ ಮಿತಿಯ ಮೂರೂವರೆ ಪಟ್ಟು.

2007ರಲ್ಲಿ ಪ್ರಕಟವಾದ ಸೌತಾಂಪ್ಟನ್ ವಿಶ್ವವಿದ್ಯಾಲಯದ ಅಧ್ಯಯನದ ನಂತರ, ಆರು ಬಣ್ಣಗಳಿಗೆ 2010ರ ಜುಲೈ 20ರಿಂದ ಲೇಬಲ್ ಎಚ್ಚರಿಕೆ ಕಡ್ಡಾಯವಾಯಿತು. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯಿಸಿನ್, ಪಾನ್ಸೋ 4ಆರ್, ಅಲ್ಯೂರಾ ರೆಡ್ ಮತ್ತು ಕ್ವಿನೋಲಿನ್ ಯೆಲ್ಲೋ ಬಳಸಿದರೆ, ಮಕ್ಕಳ ಚಟುವಟಿಕೆ ಹಾಗೂ ಏಕಾಗ್ರತೆಯ ಮೇಲೆ ದುಷ್ಪರಿಣಾಮ ಆಗಬಹುದೆಂದು ಮುದ್ರಿಸಬೇಕು. ಇವುಗಳಲ್ಲಿ ಮೊದಲ ನಾಲ್ಕು ನಮ್ಮ ಪಟ್ಟಿಯಲ್ಲಿಯೂ ಇವೆ.

ಜಪಾನ್

ಕಾರ್ಮೊಯಿಸಿನ್ ಇಲ್ಲಿಯೂ ನಿಷಿದ್ಧ. ಹೆಸರಿನ ಗೊಂದಲವೂ ಉಂಟು: ಅಮೆರಿಕದ ‘ಹಳದಿ 5’ ಎಂದರೆ ಟಾರ್ಟ್ರಜಿನ್, ಜಪಾನಿನ ‘ಹಳದಿ 5’ ಎಂದರೆ ಸನ್‌ಸೆಟ್ ಯೆಲ್ಲೋ. ಹೆಸರನ್ನಷ್ಟೇ ನಂಬಿ ಲೇಬಲ್ ಮುದ್ರಿಸಿದರೆ ತಪ್ಪು ಘೋಷಣೆಯಾಗುತ್ತದೆ.

ನಷ್ಟದ ಲೆಕ್ಕ

ಸರಕು ತಿರಸ್ಕೃತವಾದರೆ ಅದರ ಬೆಲೆಯ ಜೊತೆಗೆ ಹೋಗಿಬರುವ ಸಾಗಣೆ ವೆಚ್ಚ ಅಥವಾ ನಾಶಪಡಿಸುವ ವೆಚ್ಚ, ಬಂದರಿನ ಶುಲ್ಕ ಮತ್ತು ಬ್ಯಾಂಕ್ ಬಡ್ಡಿ ಮೈಮೇಲೆ ಬರುತ್ತವೆ. ಬಳಕೆಗೆ ಬಾರದ ಮುದ್ರಿತ ಲೇಬಲ್‌ಗಳನ್ನು ವರ್ಷಾಂತ್ಯದ ದಾಸ್ತಾನಿನಲ್ಲಿ ಖರೀದಿ ಬೆಲೆಗೆ ತೋರಿಸುವಂತಿಲ್ಲ. ವಸೂಲಾಗಬಹುದಾದ ಮೌಲ್ಯಕ್ಕೆ ಇಳಿಸಬೇಕು. ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿಗೆ ಜಿಎಸ್‌ಟಿ ಕಾಯ್ದೆಯ 17(5) ಪ್ರಕರಣದಂತೆ ಇನ್‌ಪುಟ್ ತೆರಿಗೆ ಜಮೆಯೂ ದೊರೆಯುವುದಿಲ್ಲ. ಬಾಟಲಿಯೊಂದಕ್ಕೆ ಕೆಲವೇ ಪೈಸೆ ತಗಲುವ ಬಣ್ಣದಿಂದ ಇಡೀ ವರ್ಷದ ಲಾಭ ಕರಗಬಹುದು.

ಅನುಸರಿಸಬೇಕಾದ ಕ್ರಮ

1. ಖರೀದಿ ಆದೇಶದಲ್ಲಿ ಬಣ್ಣದ ವ್ಯಾಪಾರಿ ಹೆಸರಿನೊಡನೆ ಅಂತರರಾಷ್ಟ್ರೀಯ ಸಂಖ್ಯೆಯನ್ನೂ ನಮೂದಿಸಬೇಕು. ಸನ್‌ಸೆಟ್ ಯೆಲ್ಲೋ 110, ಟಾರ್ಟ್ರಜಿನ್ 102, ಕಾರ್ಮೊಯಿಸಿನ್ 122.

2. ಮಿಶ್ರಣವಾಗಿ ಮಾರುವ ಬಣ್ಣಗಳಲ್ಲಿರುವ ಘಟಕಗಳು ಮತ್ತು ಅವುಗಳ ಪ್ರಮಾಣವನ್ನು ಪೂರೈಕೆದಾರರಿಂದ ಲಿಖಿತವಾಗಿ ಪಡೆಯಬೇಕು.

3. ಲೇಬಲ್ ಕರಡಿಗೆ ವಿದೇಶಿ ಖರೀದಿದಾರರ ಲಿಖಿತ ಒಪ್ಪಿಗೆ ದೊರೆತ ನಂತರವೇ ಮುದ್ರಣಕ್ಕೆ ಕೊಡಬೇಕು. ನಿಯಮ ಬದಲಾದರೆ ನಷ್ಟ ಯಾರದೆಂಬುದು ಕರಾರಿನಲ್ಲಿಯೇ ಸ್ಪಷ್ಟವಾಗಿರಬೇಕು.

4. ಪ್ರತಿ ಹೊಸ ಆದೇಶಕ್ಕೂ ಆಯಾ ದೇಶದ ಪಟ್ಟಿಯನ್ನು ಮತ್ತೆ ಪರಿಶೀಲಿಸಬೇಕು. ಎರಿತ್ರೋಸಿನ್‌ನ ಉದಾಹರಣೆ ತೋರಿಸುವಂತೆ, ಕಳೆದ ವರ್ಷ ಸಾಗಿದ ಸರಕು ಈ ವರ್ಷವೂ ಸಾಗುವುದೆಂಬ ಖಾತರಿಯಿಲ್ಲ.